ಸರಿಯಾದ ರೂಪ

ಮಾರ್ಚ್ 4, ಮಂಗಳವಾರ

ಸ್ಪೀಚ್ ಥೆರಪಿಸ್ಟ್ ಲೊರೇನ್ ಇವತ್ತು ನನ್ನ ಕೈಗೆ ಒಂದು ಕಟ್ಟು ಫಾರ್ಮ್ ಕೊಟ್ಟಳು. ನಮ್ಮನೆಯವರ ಬಾಯಿಂದ ದಿನವಿಡೀ ಏನೇನು ಹೊರಡುತ್ತದೋ ಅದನ್ನೆಲ್ಲ ಬರೆದಿಡಬೇಕಂತೆ. ಮೂರು ಕಾಲಂ: ಆಡಿದ ಪದ, ಸಂದರ್ಭ, ಅರ್ಥ ಸ್ಪಷ್ಟವಿತ್ತೇ.

ಸ್ಟ್ರೋಕ್ ಆಗಿ ಏಳು ವಾರವಾಯಿತು. ಕೋಲು ಹಿಡಿದು ಬಲಗಾಲು ಎಳೆಯುತ್ತ ನಡೆಯುತ್ತಾರೆ. ಬಲಗೈ ಇನ್ನೂ ತೊಡೆಯ ಮೇಲೇ ಇರುತ್ತದೆ. ಇಂಗ್ಲಿಷ್ ಪೂರ್ತಿ ಹೋಗಿದೆ. ಮೂವತ್ತೊಂದು ವರ್ಷ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆದ ಮನುಷ್ಯ ‘ಕಪ್’ ಎನ್ನಲು ಬೆವರುತ್ತಾರೆ. ಕನ್ನಡ ಅಷ್ಟಿಷ್ಟು ಉಳಿದಿರಬಹುದು ಎಂದು ಲೊರೇನ್‌ಳ ಊಹೆ. ಫೋನಿನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಸಿಗುತ್ತಾರೆ, ಕರೆಸಲೇ ಎಂದು ಕೇಳಿದಳು. ನನಗೆ ನಗು ಬಂತು. ಮೊದಲು ನಾವಿದ್ದ ಊರು ಓಲ್ಡ್ ಬ್ರಿಡ್ಜ್‌ನಲ್ಲಿ ಹತ್ತೊಂಬತ್ತು ವರ್ಷ ಭಾನುವಾರದ ಕನ್ನಡ ಶಾಲೆ ನಡೆಸಿದವಳು ನಾನು. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ಎಂದು ಮಕ್ಕಳ ಪ್ರಾಣ ಹಿಂಡಿದವಳಿಗೆ ಇಂಟರ್‌ಪ್ರಿಟರ್ ಏಕೆ? ಮನೆಯಲ್ಲೇ ಕನ್ನಡ ಮೇಡಂ ಇದ್ದಾಳೆ ಎಂದೆ. ಲೊರೇನ್‌ಗೆ ಬಹಳ ಖುಷಿಯಾಯಿತು.

ಏಪ್ರಿಲ್ ಹದಿನೇಳಕ್ಕೆ ರಿವ್ಯೂ. ಅಷ್ಟರಲ್ಲಿ ಪ್ರಗತಿ ಕಾಣದಿದ್ದರೆ ಇನ್ಶೂರೆನ್ಸ್‌ನವರು ಮಾತಿನ ಥೆರಪಿ ನಿಲ್ಲಿಸುತ್ತಾರಂತೆ. ನಿಂತರೆ ಇವರು ಹೀಗೇ ಉಳಿದುಬಿಡುತ್ತಾರೆ.

ಮನೆಗೆ ಬಂದವಳೇ ಸ್ಕೇಲ್ ಹಿಡಿದು ಎಲ್ಲ ಫಾರ್ಮಿಗೂ ನಾಲ್ಕನೇ ಕಾಲಂ ಎಳೆದೆ. ಅದರ ತಲೆಬರಹ: ಸರಿಯಾದ ರೂಪ. ಕೆಲಸ ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡಬೇಕು. ಫಾರ್ಮಿನಲ್ಲಿ ಹಿಡಿಸದ್ದನ್ನು ಬರೆದುಕೊಳ್ಳಲು ನನಗೆ ಈ ನೋಟ್‌ಬುಕ್ಕು.

ಮಾರ್ಚ್ 9, ಭಾನುವಾರ

ಪರಿಚಯದ ವಸ್ತುಗಳನ್ನು ತೋರಿಸಿ ಮಾತಾಡಿಸಿ ಎಂದಿದ್ದಳು ಲೊರೇನ್. ಮದುವೆ ಆಲ್ಬಂ ತೋರಿಸಿದೆ, ಮಿಕ್ಸಿ ತೋರಿಸಿದೆ, ದೇವರ ಫೋಟೊ ತೋರಿಸಿದೆ. ತುಟಿ ಪಿಟಕ್ಕೆನ್ನಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಸೇತುವೆಯಾಚೆಯ ಮ್ಯಾನ್‌ಹಟನ್ನಿನ ಕಟ್ಟಡಗಳನ್ನು ನೋಡುತ್ತಾರೆ. ಫೋರ್ಟ್ ಲೀಗೆ ಮನೆ ಬದಲಾಯಿಸಿದಾಗ ಈ ಹನ್ನೊಂದನೆಯ ಮಹಡಿಯೇ ಬೇಕೆಂದು ಹಟ ಹಿಡಿದವರು ಇವರು.

ನಿನ್ನೆ ಫೋನಿನಲ್ಲಿ ಅನುಶ್ರೀ, “ಅಮ್ಮಾ, ವೈ ಡೋಂಟ್ ಯೂ ಟೇಕ್ ಹಿಮ್ ಟು ಹಿಸ್ ಬಿಲ್ಡಿಂಗ್ಸ್?” ಎಂದಳು. ಮಗಳು ಶಿಕಾಗೋದಲ್ಲಿ ಕೂತು ಹೇಳಿದ್ದು ಇಲ್ಲೇ ಇರುವ ನನಗೆ ಹೊಳೆದಿರಲಿಲ್ಲ.

ಇವರ ಕೆಲಸ ಮ್ಯಾನ್‌ಹಟನ್‌ನ ಹಳೆಯ ಕಟ್ಟಡಗಳ ಹೊರಗೋಡೆಯ ಪರೀಕ್ಷೆ. ಆರು ಅಂತಸ್ತಿಗಿಂತ ಎತ್ತರದವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಲೇಬೇಕೆಂದು ಅಲ್ಲಿ ಕಾನೂನಿದೆ. ಸಡಿಲಾದ ಇಟ್ಟಿಗೆ, ಸುಟ್ಟಮಣ್ಣಿನ ಹೂಬಳ್ಳಿ ದಾರಿಹೋಕರ ತಲೆಯ ಮೇಲೆ ಬೀಳಬಾರದಲ್ಲ. ಸಣ್ಣದೊಂದು ಸುತ್ತಿಗೆಯಿಂದ ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ ತಟ್ಟಿ, ಗಟ್ಟಿಯೋ ಟೊಳ್ಳೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರಂತೆ. ಅಂತೆ ಎಂದೇ ಬರೆಯಬೇಕು, ನಾನು ಒಂದು ದಿನವೂ ನೋಡಿಲ್ಲ. ಬಂದ ಹೊಸದರಲ್ಲಿ ಕರೆಯುತ್ತಿದ್ದರು, “ರವಿವಾರ ಬರ್ತೀಯೇನು, ನನ್ನ ಬಿಲ್ಡಿಂಗ್ ತೋರಸ್ತೀನಿ” ಎಂದು. ಮೊದಲು ಭಾನುವಾರ ಅನ್ನಿ, ಆಮೇಲೆ ಯೋಚಿಸೋಣ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆಮೇಲೆ ನನ್ನ ಭಾನುವಾರಗಳೆಲ್ಲ ಕನ್ನಡ ಶಾಲೆಗೆ ಹೋದವು. ಈಗ ಶಾಲೆಯನ್ನು ಜೊತೆಗೆ ಕಲಿಸುತ್ತಿದ್ದ ನಂದಿತಾಗೆ ಒಪ್ಪಿಸಿದ್ದೇನೆ, ಭಾನುವಾರಗಳು ಖಾಲಿ ಇವೆ.

ವ್ಯಾನ್ ಹತ್ತಿ ಸೇತುವೆ ದಾಟಿ, ಬಸ್ ಸ್ಟೇಷನ್‌ನಲ್ಲಿ ಇಳಿದು ನಿಧಾನವಾಗಿ ನಡೆದೆವು. ಫೋರ್ಟ್ ವಾಷಿಂಗ್ಟನ್ ಅವೆನ್ಯೂದಲ್ಲಿ ಸಾಲಾಗಿ ಹಳೆಯ ಇಟ್ಟಿಗೆಯ ಅಪಾರ್ಟ್‌ಮೆಂಟುಗಳು. ನನಗೆ ಎಲ್ಲವೂ ಒಂದೇ ಥರ ಕಂಡವು. ಇವರು ಮಾತ್ರ ಒಂದೊಂದರ ಎದುರೂ ನಿಂತು, ಕತ್ತು ಹಿಂದಕ್ಕೆ ಹಾಕಿ, ತುತ್ತತುದಿ ನೋಡಿದರು. ಮೂರನೆಯ ಕಟ್ಟಡದ ಎದುರು ತುಟಿ ಅಲುಗಿತು. “ಕುಂಬಿ” ಎಂದರು. ಇನ್ನೊಮ್ಮೆ, “ಕುಂಬಿ.”

ಏಳು ವಾರದಲ್ಲಿ ಇವರು ಬಾಯಿಬಿಟ್ಟು ಕೇಳಿದ ಮೊದಲ ತಿನಿಸು, ಕುಂಬಳಕಾಯಿ. ವಾಪಸು ಬರುವಾಗ ಇಂಡಿಯನ್ ಸ್ಟೋರ್ ಹೊಕ್ಕು ಬೂದುಗುಂಬಳದ ದೊಡ್ಡ ಹೋಳೇ ತಂದೆ.

ಫಾರ್ಮ್: ಕುಂಬಿ. ರಸ್ತೆಯಲ್ಲಿ. ಅರ್ಥ ಸ್ಪಷ್ಟವಿಲ್ಲ. ಸರಿಯಾದ ರೂಪ: ಕುಂಬಳಕಾಯಿ.

ಮಾರ್ಚ್ 10, ಸೋಮವಾರ

ಮಜ್ಜಿಗೆಹುಳಿ ಮಾಡಿದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದರು. ನಾಳೆ ಸಿಹಿಗುಂಬಳದ ಪಲ್ಯ ಮಾಡಿ ನೋಡುತ್ತೇನೆ.

ಮಾರ್ಚ್ 11, ಮಂಗಳವಾರ

ಪಲ್ಯವೂ ಬೇಡ.

ಮಾರ್ಚ್ 22, ಶನಿವಾರ

ಇವತ್ತು ಹಾರ್ಲೆಮ್. ಕಂದುಗಲ್ಲಿನ ಮನೆಗಳ ಬೀದಿ. ಒಂದೊಂದು ಮನೆಗೂ ಫುಟ್‌ಪಾತಿನಿಂದ ನೇರ ಎರಡನೆಯ ಅಂತಸ್ತಿಗೆ ಏರುವ ಹತ್ತು ಹನ್ನೆರಡು ಮೆಟ್ಟಿಲು, ಇಕ್ಕೆಲದಲ್ಲಿ ಕಬ್ಬಿಣದ ಹಿಡಿಕಂಬಿ. ಬಿಸಿಲಿಗೆ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ನಮ್ಮ ಮೈಸೂರಿನ ಮನೆಯ ಜಗಲಿ ನೆನಪಾಯಿತು. ಮೂವತ್ತೊಂದು ವರ್ಷದಲ್ಲಿ ನಾನು ಈ ಊರನ್ನು ತಲೆ ಎತ್ತಿ ನೋಡಿದ್ದು ಕಡಿಮೆ. ಬಂದಾಗಲೆಲ್ಲ ಕಣ್ಣು ಪರ್ಸಿನ ಮೇಲೆ, ಇಲ್ಲವೇ ಪಾರ್ಕಿಂಗ್ ಬೋರ್ಡಿನ ಮೇಲೆ.

ಇವರು ಇವತ್ತು ಮಾತಾಡಿದರು. ತಡೆದು ತಡೆದು, ಒಂದೊಂದೇ ಪದ. ಮನೆಯ ಗೋಡೆಗೆ ಎಡಗೈ ಇಟ್ಟು “ಗ್ವಾಡಿ” ಎಂದರು. ನಾನು ಮುಗುಳ್ನಕ್ಕು, “ಗ್ವಾಡಿ ಅಲ್ಲ ರೀ, ಗೋಡೆ. ಎಲ್ಲಿ, ಹೇಳಿ ನೋಡೋಣ, ಗೋ...ಡೆ” ಎಂದೆ. ನನ್ನ ಬಾಯನ್ನೇ ನೋಡುತ್ತ ನಿಂತರು. ಮುಂದಿನ ಮನೆಯಲ್ಲಿ ಕಿಟಕಿ ತೋರಿಸಿ “ಕಿಡಕಿ” ಎಂದರು. ಟ, ಡ ಅದಲುಬದಲಾಗಿದೆ. ತಿದ್ದಿದೆ. ಮೆಟ್ಟಿಲಿಗೆ ಕೋಲು ಕುಟ್ಟಿ ಏನೋ “ಪಾವಟಿಗಿ” ಎಂದರು. ಆ ಪದವೇ ಇಲ್ಲ. ಪಾವು, ಅಟ್ಟ, ಟಗರು ಎಲ್ಲ ಕಲಸಿ ಹೋಗಿದೆ ಪಾಪ. “ಮೆಟ್ಟಿಲು” ಎಂದು ಮೂರು ಸಲ ಹೇಳಿಕೊಟ್ಟೆ.

ಆಮೇಲೆ ಬಾಯಿ ಬಿಡಲಿಲ್ಲ. ಟ್ರೇನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸುಸ್ತಾಗಿರಬೇಕು.

ಮಾರ್ಚ್ 25, ಮಂಗಳವಾರ

ಲೊರೇನ್ ಫಾರ್ಮುಗಳನ್ನು ನೋಡಿ ಮಂಕಾದಳು. ಮಾತು ಹೆಚ್ಚುತ್ತಿದೆ, ಆದರೆ ನಾಲ್ಕರಲ್ಲಿ ಮೂರು ತಪ್ಪು ಅಥವಾ ಅರ್ಥವಿಲ್ಲದ ಶಬ್ದ. ಮಿದುಳು ಪದಗಳನ್ನು ತಾನೇ ಹುಟ್ಟಿಸುತ್ತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲವಂತೆ. ಹೀಗೇ ಆದರೆ ರಿವ್ಯೂನಲ್ಲಿ ಪ್ರಗತಿ ಇದೆ ಎಂದು ಬರೆಯುವುದು ಕಷ್ಟ ಎಂದಳು. ನನ್ನ ನಾಲ್ಕನೇ ಕಾಲಮ್ಮನ್ನು ಮಾತ್ರ ಹೊಗಳಿದಳು. ಇಷ್ಟು ಮುತುವರ್ಜಿಯ ಫ್ಯಾಮಿಲಿಯನ್ನು ನೋಡಿಯೇ ಇಲ್ಲವಂತೆ.

ಇವರು ಮೇಜಿನ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಕೂತಿದ್ದರು.

ಮಾರ್ಚ್ 30, ಭಾನುವಾರ. ಯುಗಾದಿ

ಬೇವು ಸಿಗಲಿಲ್ಲ. ಬೆಲ್ಲದ ಚೂರಿಗೆ ಮೆಂತ್ಯ ಸೇರಿಸಿ ಶಾಸ್ತ್ರ ಮುಗಿಸಿದೆ.

ಒಬ್ಬಟ್ಟಿನ ಹೂರಣ ರುಬ್ಬಿ ಮಿಕ್ಸಿ ನಿಲ್ಲಿಸಿದಾಗ ಹಾಲಿನಿಂದ ಮಾತು ಕೇಳಿಸಿತು. ಟಿವಿ ಅಂದುಕೊಂಡೆ. ಟಿವಿ ಅಲ್ಲ, ಇವರು. ಫೋನನ್ನು ಹೂದಾನಿಗೆ ಒರಗಿಸಿಕೊಂಡು ನವಲಗುಂದದ ಅಕ್ಕ ಕಮಲವ್ವನ ಜೊತೆ ಮಾತಾಡುತ್ತಿದ್ದರು. “ಅಕ್ಕಾ... ಕುಂಬಿ... ಭಾಳ ಎತ್ತರ... ಅಪ್ಪ ನೋಡಬೇಕಿತ್ತು.”

ನಾನು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತೆ. ಇವರು ನನ್ನನ್ನು ನೋಡಿ ನಿಲ್ಲಿಸಿಬಿಟ್ಟರು. ಕದ್ದು ಸಿಗರೇಟು ಸೇದುವ ಹುಡುಗ ಅಪ್ಪನನ್ನು ನೋಡಿದ ಹಾಗಿತ್ತು ಮುಖ.

ಫೋನ್ ತೆಗೆದುಕೊಂಡು ಅಡುಗೆಮನೆಗೆ ಬಂದು, ಅಕ್ಕಾ, ಇವರು ಮಾತಾಡಿದರಲ್ಲ ಎಂದೆ. ಕಮಲವ್ವನಿಗೆ ನನ್ನ ಆಶ್ಚರ್ಯವೇ ಆಶ್ಚರ್ಯ.

“ಯಾಕವಾ, ದಿನಾ ನನ್ನ ಕೂಡ ಮಾತಾಡ್ತಾನಲ್ಲ. ನೀ ಜಳಕಕ್ಕ ಹೋದಾಗ ಫೋನ್ ಹಚ್ಚತಾನ. ಒಂದೊಂದ ಮಾತು, ನಿಂತ ನಿಂತ ಬರ್ತಾವ. ಆದ್ರ ಅಗದಿ ಸುದ್ದ ಬರ್ತಾವ.”

ಕುಂಬಿ ಎಂದರೇನು ಎಂದು ಕೇಳಿದೆ.

“ಕುಂಬಿ ಗೊತ್ತಿಲ್ಲೇನ? ಮ್ಯಾಳಗಿ ಅಂಚಿಗೆ ಸುತ್ತ ಕಟ್ಟಿರ್ತಾರಲ್ಲ, ಸಣ್ಣ ಗ್ವಾಡಿ, ಹುಡುಗರು ಬೀಳಬಾರದಂತ. ನಮ್ಮಪ್ಪ ಗೌಂಡಿ ಇದ್ದ, ಊರ ತುಂಬ ಮನಿ, ಕುಂಬಿ ಕಟ್ಟ್ಯಾನ. ನೀ ಕನ್ನಡಾ ಕಲಸಾಕಿ, ನಿನಗ ಗೊತ್ತಿರತೈತಿ ಅಂತ ತಿಳದಿದ್ದೆ.”

ಅವರು ಕುಹಕದಿಂದ ಹೇಳಲಿಲ್ಲ. ಅವರಿಗೆ ಕುಹಕ ಬರುವುದಿಲ್ಲ. ಮಾಳಿಗೆಯ ಸುತ್ತಿನ ಮೋಟುಗೋಡೆ. ಇವರು ಇಡೀ ಜೀವಮಾನ ಪರೀಕ್ಷೆ ಮಾಡಿದ್ದು ಅದನ್ನೇ. ಅದು ಕಂಡಿತು ಎಂದು ನನಗೆ ಹೇಳಿದರು, ನಾನು ಹುಳಿ ಮಾಡಿ ಬಡಿಸಿದೆ.

ಪಾವಟಿಗಿ ಕೇಳಿದೆ. ಮೆಟ್ಟಿಲು ಅಂತೆ.

ಒಬ್ಬಟ್ಟು ಎರಡು ಹೊತ್ತಿಹೋದವು.

ಮಾರ್ಚ್ 31, ಸೋಮವಾರ

ಫಾರ್ಮುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕಮಲವ್ವನನ್ನು ಫೋನಿನಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. ನಲವತ್ತನಾಲ್ಕು ಪದ. ನಾನು ತಪ್ಪು ಎಂದು ಗುರುತು ಹಾಕಿದ್ದು ಮೂವತ್ತಮೂರು. ಅದರಲ್ಲಿ ನಿಜವಾಗಿ ತಪ್ಪಿದ್ದು ನಾಲ್ಕು. ಉಳಿದವೆಲ್ಲ ಸೊಗಸಾದ ಕನ್ನಡ, ನನಗೆ ಗೊತ್ತಿಲ್ಲದ್ದು. ಗೊತ್ತಿಲ್ಲ ಎನ್ನುವುದೂ ಸುಳ್ಳು. ಗ್ವಾಡಿ, ಕಿಡಕಿಯನ್ನು ಮದುವೆಯಾದ ವರ್ಷ ಇವರ ಬಾಯಲ್ಲೇ ಕೇಳಿದ್ದೆ, ಮರೆತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಎಷ್ಟು ಮಕ್ಕಳ ಕೈಲಿ ಬರೆಸಿದ್ದೇನೋ.

ಮರೆಯುವ ಹಾಗೆ ಮಾಡಿದ್ದೂ ನಾನೇ. ಶಿವಶಂಕರಪ್ಪ ಎನ್ನುವ ಹೆಸರಿನ ‘ಅಪ್ಪ’ವನ್ನು ಮದುವೆಯ ಕಾಗದದಲ್ಲೇ ನಮ್ಮಣ್ಣ ಕತ್ತರಿಸಿದ, ಶಿವಶಂಕರ್ ಎಂದರೆ ಮೈಸೂರಿನವರಿಗೆ ಒಪ್ಪುತ್ತದೆ ಎಂದು. ಇಲ್ಲಿಗೆ ಬಂದ ಮೇಲೆ ಕತ್ತರಿ ನನ್ನ ಕೈಗೆ ಬಂತು. ಇವರು ಮಾತಾಡಿದಂತೆ ಮಾತಾಡಿ ತೋರಿಸುವುದು ಪಾರ್ಟಿಗಳಲ್ಲಿ ನನ್ನ ಐಟಂ ಆಗಿತ್ತು. “ಕ್ಷಮಾ, ಅದೊಂದು ಮಾಡಿ” ಎಂದು ಎಲ್ಲರೂ ಕೇಳುತ್ತಿದ್ದರು. ಇವರೂ ನಗುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯ ರಾಜ್ಯೋತ್ಸವಕ್ಕೆ ನಾನೊಂದು ನಾಟಕ ಬರೆದೆ. ಅದರಲ್ಲಿ ಪೆದ್ದ ಅಡುಗೆಯವನ ಪಾತ್ರಕ್ಕೆ ಇವರ ಮಾತನ್ನೇ ಎತ್ತಿ ಹಾಕಿದೆ, ಪದಕ್ಕೆ ಪದ. ಹಾಲ್ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಇವರ ತೊಡೆಯ ಮೇಲೆ ಕೂತಿದ್ದ ಅನುಶ್ರೀ “ಹಿ ಟಾಕ್ಸ್ ಲೈಕ್ ಅಪ್ಪ” ಎಂದು ಕೂಗಿದ್ದಳು. ಅದಕ್ಕೆ ಇನ್ನೊಂದು ಸುತ್ತು ನಗು. ಕಾರಿನಲ್ಲಿ ಹೇಗಿತ್ತು ನಾಟಕ ಎಂದು ಕೇಳಿದೆ. “ಚೊಲೋ...” ಎಂದವರು ನಿಲ್ಲಿಸಿ, “ಚೆನ್ನಾಗಿತ್ತು” ಎಂದರು.

ಆಮೇಲೆ ಇವರ ಬಾಯಲ್ಲಿ ಚೊಲೋ ಕೇಳಿದ ನೆನಪು ನನಗಿಲ್ಲ. ಬಂದವರ ಜೊತೆ ಇಂಗ್ಲಿಷ್. ನನ್ನ ಜೊತೆ ಎರಡು ಪದ, ಮೂರು ಪದ, ಅದೂ ಮೈಸೂರಿನ ಕನ್ನಡದಲ್ಲಿ, ಪರೀಕ್ಷೆಗೆ ಉತ್ತರ ಬರೆದ ಹಾಗೆ. ನಮ್ಮನೆಯವರು ಮಿತಭಾಷಿ ಎಂದು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಅಕ್ಕನ ಜೊತೆ ಫೋನಿಗೆ ಬಾಲ್ಕನಿಗೆ ಹೋಗುತ್ತಿದ್ದರು, ಚಳಿಗಾಲದಲ್ಲೂ. ಸಿಗ್ನಲ್‌ಗೆ ಇರಬೇಕು ಅಂದುಕೊಂಡಿದ್ದೆ.

ಸ್ಟ್ರೋಕು ಇಂಗ್ಲಿಷನ್ನು ತೆಗೆದುಕೊಂಡಿತು. ನಾನು ಕಲಿಸಿದ ಕನ್ನಡವನ್ನೂ ತೆಗೆದುಕೊಂಡಿತು. ಉಳಿದಿರುವುದು ಅವರದ್ದೇ ಮಾತು. ಅದನ್ನು ನನ್ನೆದುರು ಆಡುವ ಹಾಗಿಲ್ಲ ಎನ್ನುವುದು ಮಾತ್ರ ಅವರಿಗೆ ಮರೆತಿಲ್ಲ.

ಏಪ್ರಿಲ್ 3, ಗುರುವಾರ

ತಿದ್ದಿದ ಫಾರ್ಮುಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಕ್ಲಿನಿಕ್ಕಿಗೆ ಹೋದೆ. ಲೊರೇನ್, “ಹೌ ಈಸ್ ಅವರ್ ಟೀಚರ್?” ಎಂದಳು. ಬ್ಯಾಗ್ ತೆರೆಯಲಿಲ್ಲ. ವಾಪಸು ತಂದೆ.

ಏಪ್ರಿಲ್ 5, ಶನಿವಾರ

ಹೇಡಿ ನಾನು. ರಿವ್ಯೂಗೆ ಹನ್ನೆರಡು ದಿನ ಉಳಿದಿದೆ.

ಏಪ್ರಿಲ್ 12, ಶನಿವಾರ

ಟ್ವೆಂಟಿಥರ್ಡ್ ಸ್ಟ್ರೀಟಿಗೆ ಹೋಗಿದ್ದೆವು. ಎರಡು ರಸ್ತೆ ಚೂಪಾಗಿ ಕೂಡುವ ಕಡೆ ಇಸ್ತ್ರಿಪೆಟ್ಟಿಗೆಯ ಆಕಾರಕ್ಕೆ ಎದ್ದ ಆ ಹಳೆಯ ಕಟ್ಟಡವನ್ನು ನೋಡಿದೆವು. ಫೋಟೊದಲ್ಲಿ ನೂರು ಸಲ ನೋಡಿದ್ದೆ. ಮೈತುಂಬ ಇಷ್ಟು ಕುಸುರಿ ಕೆಲಸವಿದೆ ಎಂದು ಗೊತ್ತಿರಲಿಲ್ಲ. ಒಂದೊಂದು ಕಿಟಕಿಯ ಸುತ್ತಲೂ ಬಳ್ಳಿ, ಹೂವು, ಮುಖಗಳು. ಇಷ್ಟು ಎತ್ತರದ ಗ್ವಾಡಿಯ ತುದಿಯಲ್ಲಿ ಯಾರೂ ನೋಡದ ಕಡೆಯೂ ಯಾರೋ ಕೂತು ಎಲೆಯ ನರ ಬಿಡಿಸಿದ್ದಾರೆ.

ಹೊರಡುವ ಮುಂಚೆ ಇವರ ಸೈಟ್ ಬ್ಯಾಗಿನಲ್ಲಿ ಸುತ್ತಿಗೆ ಹುಡುಕಿ ಪರ್ಸಿಗೆ ಹಾಕಿಕೊಂಡಿದ್ದೆ. ಮರದ ಹಿಡಿ, ಬೆರಳು ಕೂತು ಕೂತು ನುಣುಪಾಗಿದೆ. ಅಲ್ಲಿ ಕೊಡಲು ಧೈರ್ಯ ಬರಲಿಲ್ಲ. ಬದಲಿಗೆ, “ರೀ, ಅದಕ್ಕೆ ಕುಂಬಿ ಅಂತೀರಲ್ವಾ?” ಎಂದು ಮೇಲೆ ತೋರಿಸಿದೆ. ನಾನೇ ಕೇಳಿದೆನಲ್ಲ, ಈಗ ಮಾತಾಡುತ್ತಾರೆ ಎಂದುಕೊಂಡೆ. ಇವರು ನನ್ನ ಮುಖವನ್ನು ಎಚ್ಚರಿಕೆಯಿಂದ ನೋಡಿದರು. ನಾನು ಐಟಂ ಮಾಡುತ್ತಿದ್ದೇನೆ ಎಂದು ತಿಳಿದರೋ ಏನೋ. ಕೋಲು ಊರಿಕೊಂಡು ಮುಂದೆ ನಡೆದುಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನೂ ಕಾಪಿ ಬರೆಸುತ್ತಿದ್ದೆ.

ಏಪ್ರಿಲ್ 17, ಗುರುವಾರ

ಕ್ಲಿನಿಕ್ಕಿನ ಬಾಗಿಲಲ್ಲೇ ಫಾರ್ಮುಗಳನ್ನು ಲೊರೇನ್‌ಳ ಕೈಗಿಟ್ಟೆ. ಕೂತರೆ ಧೈರ್ಯ ಇಳಿಯುತ್ತದೆ ಎಂದು ನಿಂತೇ ಹೇಳಿದೆ. ಇವು ತಪ್ಪು ಪದಗಳಲ್ಲ, ನನ್ನ ತಪ್ಪು. ನನ್ನ ಗಂಡ ಬೇರೆ ಕಡೆಯ ಕನ್ನಡದವರು, ನಾನು ಅದನ್ನು ಕನ್ನಡ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಂಟರ್‌ಪ್ರಿಟರ್ ಬೇಡ ಎಂದದ್ದು ನನ್ನ ಜಂಬ. ಹೇಳುತ್ತ ಹೇಳುತ್ತ ಅಳು ಬಂತು.

ಲೊರೇನ್ ಬೈಯಲಿಲ್ಲ. ಒಂದೊಂದೇ ಹಾಳೆ ಮಗುಚಿ ಓದಿದಳು. ಅವಳ ಅಜ್ಜಿ ಸಿಸಿಲಿಯಿಂದ ಬಂದವಳಂತೆ, ಅವಳ ಊರಿನ ಮಾತಿಗೆ ಮನೆಯವರೆಲ್ಲ ನಗುತ್ತಿದ್ದರಂತೆ. ಅಜ್ಜಿ ಕೊನೆಕೊನೆಗೆ ಬೆಕ್ಕಿನ ಜೊತೆ ಮಾತ್ರ ಮಾತಾಡುತ್ತಿದ್ದಳು ಎಂದಳು.

ಪರೀಕ್ಷೆಯನ್ನು ಹೊಸದಾಗಿ ಮಾಡೋಣ, ಆ ಅಕ್ಕನನ್ನು ವಿಡಿಯೊದಲ್ಲಿ ಕರೆಯಿರಿ ಎಂದಳು. ಅಲ್ಲಿ ರಾತ್ರಿ ಎಂಟು ಗಂಟೆ. ಕಮಲವ್ವ ತಲೆಗೆ ಸೆರಗು ಹೊದ್ದು ಟ್ಯಾಬ್ಲೆಟ್ಟಿನಲ್ಲಿ ಕಾಣಿಸಿಕೊಂಡರು. ಲೊರೇನ್ ಬಾಗಿಲಿನ ಚಿತ್ರ ತೋರಿಸಿದಳು. ಇವರು ನನ್ನ ಕಡೆ ನೋಡಿದರು, ಸುಮ್ಮನಾದರು. ಇನ್ನೊಂದು ಚಿತ್ರಕ್ಕೂ ಹಾಗೇ. ಲೊರೇನ್ ನನ್ನ ಭುಜದ ಮೇಲೆ ಕೈಯಿಟ್ಟು, ಬೇಜಾರಿಲ್ಲದಿದ್ದರೆ ಸ್ವಲ್ಪ ಹೊರಗೆ ಕೂತಿರುತ್ತೀರಾ ಎಂದಳು.

ಹೊರಗೆ ಕೂತೆ. ಬಾಗಿಲು ಅಷ್ಟೇನೂ ದಪ್ಪವಿರಲಿಲ್ಲ. ಲೊರೇನ್ ಚಿತ್ರ ಮಗುಚುವ ಸದ್ದು ಕೇಳಿಸಿತು. ಆಮೇಲೆ ಶುರುವಾಯಿತು. ಕದ. ಕಿಡಕಿ. ಪಾವಟಿಗಿ. ಪ್ರತಿಯೊಂದಕ್ಕೂ ಕಮಲವ್ವನ “ಹೌದು, ಬರೋಬ್ಬರಿ.” ಇಪ್ಪತ್ತರಲ್ಲಿ ಹದಿನೇಳು. ಕೊನೆಯದಕ್ಕೆ ಇವರು ಏನೋ ಅಂದು ಅಕ್ಕ ತಮ್ಮ ಇಬ್ಬರೂ ನಕ್ಕರು. ಈ ನಗು ನಾನು ಎಂದೂ ಕೇಳಿರಲಿಲ್ಲ.

ಥೆರಪಿ ಮುಂದುವರಿಯುತ್ತದೆ. ವಾರಕ್ಕೆ ಎರಡು ಸಲ, ಕಮಲವ್ವ ವಿಡಿಯೊದಲ್ಲಿ. ಆ ಹೊತ್ತಿನಲ್ಲಿ ನಾನು ಹೊರಗೆ ಕೂರಬೇಕು. ನನಗೆ ಭಾಳ ಸಂತೋಷವಾಗಿದೆ ಎಂದು ಅನುಶ್ರೀಗೆ ಹೇಳಿದೆ. ಸಂತೋಷವಾಗಿದೆ, ನಿಜ. ಬಾಗಿಲು ಹಾಕಿಕೊಂಡದ್ದೂ ನಿಜ.

ಏಪ್ರಿಲ್ 27, ರವಿವಾರ

ಅಗದಿ ಒಳ್ಳೆ ಬಿಸಿಲು. ಇವರ ಕೊನೆಯ ಕೆಲಸ ವೆಸ್ಟ್ ಸೈಡ್‌ನಲ್ಲಿ ಎಂದು ಅನುಶ್ರೀ ಕಾಗದಗಳಲ್ಲಿ ಹುಡುಕಿ ಕೊಟ್ಟಿದ್ದಳು. ಬ್ರಾಡ್‌ವೇಯ ಎಂಬತ್ತನೇ ಅಡ್ಡಬೀದಿಯ ಆಸುಪಾಸು. ಹೋದ ಅಕ್ಟೋಬರಿನಲ್ಲಿ ಇವರು ಫೋನಿನಲ್ಲಿ ಅದರ ಫೋಟೊ ತೋರಿಸಲು ಬಂದಿದ್ದರು. ನಾನು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ, ಚೆನ್ನಾಗಿದೆ ಎಂದು ನೋಡದೆ ಹೇಳಿದ್ದೆ.

ಹದಿನೈದು ಅಂತಸ್ತು. ಕೆಳಗಿನ ಎರಡು ಅಂತಸ್ತಿಗೆ ಬಿಳಿ ಕಲ್ಲು, ಅಲ್ಲಿಂದ ಮೇಲೆ ಕೆಂಪು ಇಟ್ಟಿಗೆ. ಕಿಡಕಿಗಳ ಮೇಲೆ ಸುಟ್ಟಮಣ್ಣಿನ ಹಾರಗಳು. ಎಲ್ಲಕ್ಕಿಂತ ಮೇಲೆ ಆಕಾಶಕ್ಕೆ ಅಂಟಿಕೊಂಡು ಒಂದು ಕುಂಬಿ, ಇಟ್ಟಿಗೆಯನ್ನೇ ಹೆಣೆದು ಶಂಕರಪೋಳಿಯ ಆಕಾರಗಳನ್ನು ಮೂಡಿಸಿದ್ದು. ನೂರು ವರ್ಷದ ಕಟ್ಟಡ. ಮೇಲಿನ ಮೂರು ಅಡಿ ಮಾತ್ರ ಬಣ್ಣದಲ್ಲಿ ಸ್ವಲ್ಪ ಹೊಸದು, ಗೊತ್ತಿದ್ದವರಿಗೆ ಕಾಣುತ್ತದೆ. ಅದಿಷ್ಟನ್ನೂ ಬಿಚ್ಚಿಸಿ, ಹಳೆಯ ನಮೂನೆಗೇ ಕೂರಿಸಿ ಕಟ್ಟಿಸಿದ್ದು ನವಲಗುಂದದ ಗೌಂಡಿಯ ಮಗ. ಕೆಳಗೆ ನಡೆಯುವ ಸಾವಿರ ಜನಕ್ಕೆ ಅದು ಗೊತ್ತಿಲ್ಲ. ಮನೆಯಲ್ಲಿದ್ದವಳಿಗೇ ಗೊತ್ತಿರಲಿಲ್ಲ.

ಪರ್ಸಿನಿಂದ ಸುತ್ತಿಗೆ ತೆಗೆದು ಕೊಟ್ಟೆ. ಇವರು ಕೋಲನ್ನು ನನ್ನ ಕೈಗಿತ್ತು, ಸುತ್ತಿಗೆಯನ್ನು ಎಡಗೈಯಲ್ಲಿ ತಿರುಗಿಸಿ ನೋಡಿದರು. ಕಟ್ಟಡದ ಹತ್ತಿರ ಹೋಗಿ ಪಾವಟಿಗಿಯ ಪಕ್ಕದ ಕಲ್ಲನ್ನು ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಒಂದು ಗೇಣು ಸರಿದು ಮತ್ತೆ ತಟ್ಟಿದರು. ಬಾಗಿಲ ಕಾವಲಿನವನು ಹೊರಗೆ ಬಂದು ಇವರ ಗುರುತು ಹಿಡಿದು, “ಮಿಸ್ಟರ್ ಶಿವ್” ಎಂದು ಕೈ ಚಾಚಿದವನು, ಇವರ ಬಲಗೈ ನೋಡಿ ಮಾತು ನುಂಗಿಕೊಂಡು ಒಳಗೆ ಹೋದ. ಇಲ್ಲಿಯೂ ಹೆಸರನ್ನು ಕತ್ತರಿಸಿದ್ದಾರೆ.

ರಸ್ತೆಯ ನಡುವೆ ಗಿಡಗಳ ಸಾಲಿನ ಹತ್ತಿರ ಬೆಂಚು. ಅಲ್ಲಿ ಕೂತೆವು. ಅಲ್ಲಿಂದ ಕುಂಬಿ ಪೂರ್ತಿ ಕಾಣುತ್ತದೆ. ಬಸ್ಸುಗಳು ಎರಡೂ ಕಡೆ ಹೋಗುತ್ತಿದ್ದವು. ಇವತ್ತು ಏನನ್ನೂ ಕೇಳಬಾರದು, ಸುಮ್ಮನೆ ಕೂತಿರಬೇಕು ಎಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ನನ್ನಿಂದ ಆಗಲಿಲ್ಲ. “ಭಾಳ ಚೊಲೋ ಕಟ್ಟೀರಿ” ಎಂದೆ. ನನ್ನ ಬಾಯಲ್ಲಿ ಅದು ನಾಟಕದ ಮಾತಿನ ಹಾಗೆಯೇ ಕೇಳಿಸಿತು, ನನಗೇ ನಾಚಿಕೆಯಾಯಿತು. ಇವರು ನಗಲಿ ಎಂದು ಆಸೆಪಟ್ಟೆ. ಇಪ್ಪತ್ತನಾಲ್ಕು ವರ್ಷ ತಡವಾಗಿಯಾದರೂ ನಾನು ನಗೆಪಾಟಲಾಗಬೇಕಿತ್ತು.

ಇವರು ನಗಲಿಲ್ಲ. ಕುಂಬಿ ನೋಡುತ್ತ ಸುತ್ತಿಗೆಯ ಹಿಡಿಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಅಕ್ಷರವನ್ನು ಸರಿಯಾಗಿ ಕೂರಿಸಿ, ಸ್ಪಷ್ಟವಾಗಿ ಹೇಳಿದರು.

“ನೀ ನಗತಿದ್ದಿ.”

ಸಿಟ್ಟಿರಲಿಲ್ಲ ಅದರಲ್ಲಿ. ತಟ್ಟಿ ನೋಡಿ ಎಲ್ಲಿ ಟೊಳ್ಳಿದೆ ಎಂದು ಹೇಳುವ ಧ್ವನಿ ಅದು. ಹೌದು, ನಗತಿದ್ದೆ, ತಪ್ಪಾಯಿತು ಎಂದೆ. ಇರಲಿ ಬಿಡು ಎನ್ನಲಿಲ್ಲ ಅವರು. ಎನ್ನಬೇಕೆಂದೂ ಇಲ್ಲ. ಸುತ್ತಿಗೆಯನ್ನು ನನ್ನ ಪರ್ಸಿನ ಮೇಲಿಟ್ಟು ಮತ್ತೆ ಮೇಲೆ ನೋಡತೊಡಗಿದರು. ಬಿಸಿಲು ಇಳಿಯುವವರೆಗೆ ಕೂತಿದ್ದು, ವ್ಯಾನ್ ಹಿಡಿದು ಬಂದೆವು.

ಸ್ಟ್ರೋಕ್ ಆದ ಮೇಲೆ ನನಗೆಂದು ಆಡಿದ ಮೊದಲ ಪೂರ್ತಿ ವಾಕ್ಯ. ಲೊರೇನ್‌ಗೆ ತೋರಿಸಬೇಕು. ಬಂದವಳೇ ಫಾರ್ಮ್ ತುಂಬಿದೆ.

ಆಡಿದ ಪದ: ನೀ ನಗತಿದ್ದಿ.
ಸಂದರ್ಭ: ಬೆಂಚಿನ ಮೇಲೆ, ಕುಂಬಿ ನೋಡುತ್ತ, ನನಗೆ.
ಅರ್ಥ ಸ್ಪಷ್ಟವಿತ್ತೇ: ಹೌದು.
ಸರಿಯಾದ ರೂಪ: ಇದೇ.